ಲಾಳಿಯ ಮುಳ್ಳು: ದೊಡ್ಡಬಳ್ಳಾಪುರದ ಒಂದು ವಚನ ತರಗತಿ

ಬಸವಾದಿ ಶರಣರ ವಚನಗಳನ್ನು ಎಳೆಯರಿಗೆ ತಿಳಿಸಬೇಕೆಂಬ ಸದುದ್ದೇಶದಿಂದ ನಾಡಿನ ಅನೇಕ ಊರುಗಳಲ್ಲಿ ಭಾನುವಾರದ ತರಗತಿಗಳು ನಡೆಯುತ್ತಿವೆ. ಆರಂಭದ ದಿನ ಮಕ್ಕಳಿಂದ ಸಭಾಂಗಣ ತುಂಬಿರುತ್ತದೆ; ಪ್ರಾರ್ಥನೆ, ವಿಭೂತಿ ಧಾರಣೆ, ಪ್ರಸಾದ ಎಲ್ಲವೂ ಸಾಂಗವಾಗಿ ನೆರವೇರುತ್ತವೆ. ಮೂರನೆಯ ತಿಂಗಳ ಹೊತ್ತಿಗೆ ಸಣ್ಣ ಮಕ್ಕಳಷ್ಟೇ ಉಳಿಯುತ್ತಾರೆ. ಹೈಸ್ಕೂಲು ಮೆಟ್ಟಿಲು ಹತ್ತಿದವರು ಟ್ಯೂಷನ್ನೆಂದೋ ಕ್ರಿಕೆಟ್ಟೆಂದೋ ದೂರ ಸರಿಯುತ್ತಾರೆ. ತಪ್ಪು ಮಕ್ಕಳದೆಂದು ಹಿರಿಯರು ನಿರ್ಣಯಿಸಿಬಿಡುತ್ತಾರೆ.

ಭಾನುವಾರದ ಪಾಠಶಾಲೆ ಎಂಬುದು ಮೂಲತಃ ನಮ್ಮ ನಾಡಿನ ಪದ್ಧತಿಯಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕಾ ಸಂಪಾದಕರು ವಾರವೆಲ್ಲ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಬಡ ಮಕ್ಕಳಿಗಾಗಿ ಇಂಥದೊಂದು ಶಾಲೆ ತೆರೆದರು. ಆ ಮಕ್ಕಳಿಗೆ ಬಿಡುವಿದ್ದದ್ದು ಆ ಒಂದು ದಿನ ಮಾತ್ರ. ಅಂದರೆ ಇದರ ಹುಟ್ಟು ಶ್ರಮಜೀವಿಗಳ ಮಕ್ಕಳ ನಡುವೆ ಆದದ್ದು. ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿ ಈ ಸಂಗತಿಯನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ಆ ಊರಿನ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಮನೆಮಾತಿನಷ್ಟೇ ಸಹಜ. ಅಲ್ಲಿನ ಒಂದು ಬಡಾವಣೆಯಲ್ಲಿ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಭಾನುವಾರದ ವಚನ ತರಗತಿ ನಡೆಸುತ್ತ ಬಂದಿದ್ದಾರೆ. ಅವರದು ಶಿಸ್ತಿನ ಕ್ರಮ. ವಾರಕ್ಕೊಂದು ವಚನ ಬಾಯಿಪಾಠ, ಬಳಿಕ ಭಾವಾರ್ಥ, ವರ್ಷಾಂತ್ಯದಲ್ಲಿ ಸ್ಪರ್ಧೆ, ಗೆದ್ದವರಿಗೆ ಸ್ಟೀಲ್ ಲೋಟ. ಲೋಟಗಳು ಪ್ರತಿವರ್ಷವೂ ಅದೇ ಮೂರು ಮನೆಗಳಿಗೆ ಸೇರುತ್ತಿದ್ದವು.

ಕೊನೆಯ ಸಾಲಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೂರುತ್ತಿದ್ದ. ತಡವಾಗಿ ಬರುವುದು, ಗೋಡೆಗೊರಗುವುದು, ಕೆಲವೊಮ್ಮೆ ತೂಕಡಿಸುವುದು. ಅಜ್ಜಿಯ ಒತ್ತಾಯಕ್ಕೆ ಬರುವವನೆಂದು ಶಿಕ್ಷಕರು ಅವನನ್ನು ಅವನ ಪಾಡಿಗೆ ಬಿಟ್ಟಿದ್ದರು.

ಒಂದು ಭಾನುವಾರ ಪಾಠಕ್ಕೆ ಬಂದದ್ದು ಜೇಡರ ದಾಸಿಮಯ್ಯನವರ ವಚನ. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನ ಈ ಶರಣರು ಸ್ವತಃ ನೇಕಾರರು. ರಾಮನಾಥ ಎಂಬುದು ಅವರ ಅಂಕಿತ. ದೇವಾಂಗ ಬಂಧುಗಳು ಅವರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಆ ದಿನದ ವಚನದಲ್ಲಿ ಮಗ್ಗದ ಅಂಗಗಳು ಒಂದರ ಹಿಂದೊಂದು ಬರುತ್ತವೆ. ಕಡೆಗೆ, ತಯಾರಾದ ವಸ್ತ್ರ ತನ್ನ ಕೈಯದೋ ದೇವರ ಕೈಯದೋ ಎಂಬ ಸಂಶಯವನ್ನು ದಾಸಿಮಯ್ಯನವರು ರಾಮನಾಥನ ಮುಂದೆಯೇ ಇಡುತ್ತಾರೆ. ಶಿಕ್ಷಕರು ಹಿಂದಿನ ರಾತ್ರಿಯೇ ಟಿಪ್ಪಣಿ ಬರೆದುಕೊಂಡು ಬಂದಿದ್ದರು. ಲಾಳಿ ಎಂದರೆ ಚಂಚಲ ಮನಸ್ಸು, ಮುಳ್ಳು ಎಂದರೆ ಸಂಸಾರದ ತಾಪತ್ರಯ ಎಂದು ವಿವರಿಸುತ್ತಿದ್ದಾಗ ಕೊನೆಯ ಸಾಲಿನಿಂದ ದನಿ ಬಂತು.

"ಸಾರ್, ಅದು ಚುಚ್ಚೋ ಮುಳ್ಳಲ್ಲ. ಲಾಳಿ ಒಳಗಡೆ ಒಂದು ಕಡ್ಡಿ ಇರುತ್ತೆ, ಅದಕ್ಕೇ ಮುಳ್ಳು ಅನ್ನೋದು. ಕಂಡಿಕೆ ಅದಕ್ಕೆ ಸಿಕ್ಕಿಸ್ತೀವಿ. ನೂಲೆಲ್ಲಾ ಬಟ್ಟೆಗೆ ಹೋಗ್ಬಿಡುತ್ತೆ, ಕಡ್ಡಿ ಹಂಗೇ ಇರುತ್ತೆ."

ತರಗತಿ ನಿಶ್ಶಬ್ದವಾಯಿತು. ನಲವತ್ತು ವರ್ಷ ಕನ್ನಡ ಕಲಿಸಿದವರಿಗೆ ಆ ಪದದ ಮೊದಲ ಅರ್ಥವೇ ತಿಳಿದಿರಲಿಲ್ಲ. ಮೊದಲ ಅರ್ಥ ತಿಳಿಯದೆ ಎರಡನೆಯದಕ್ಕೆ ಹಾರುವ ಚಾಳಿ ಅವರೊಬ್ಬರದೇ ಅಲ್ಲ, ವಚನ ವ್ಯಾಖ್ಯಾನಗಳಲ್ಲಿ ಅದು ಬಹಳ ಕಡೆ ಕಾಣುತ್ತದೆ. ಆದರೆ ಅವರು ಪುಸ್ತಕ ಮುಚ್ಚಿ, "ಹಾಗಾದರೆ ಮುಂದೆ ಬಾಪ್ಪ, ನೀನೇ ಹೇಳು" ಎಂದರು. ಹುಡುಗ ಬಂದು ಹಲಗೆಯ ಮೇಲೆ ಲಾಳಿಯ ಚಿತ್ರ ಬರೆದ. ಅವನ ಮನೆಯಲ್ಲೂ ಮಗ್ಗಗಳಿದ್ದವು. ತಡವಾಗಿ ಬರುತ್ತಿದ್ದುದು ಬೆಳಿಗ್ಗೆ ಕಂಡಿಕೆ ಸುತ್ತಿ ಬರಬೇಕಾಗಿದ್ದುದರಿಂದ. ಚಿತ್ರ ಮುಗಿದ ಮೇಲೆ ಅವನು ಕೇಳಿದ:

"ನೇಯ್ದಿದ್ದು ದೇವರು ಅಂದ್ರೆ ಕೂಲಿ ಯಾರಿಗೆ ಸಾರ್? ನಮ್ಮಪ್ಪ ನೇಯ್ದ ಸೀರೆಗೆ ಸಾಹುಕಾರ್ರು ಎಷ್ಟು ಅಂತಾರೋ ಅಷ್ಟೇ."

ಶಿಕ್ಷಕರಿಗೆ ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ನೋಡೋಣ ಎಂದರು.

ವಾರದ ನಡುವೆ ಅವರು ಹುಡುಗನ ಮನೆಗೆ ಹೋದರು. ನಾಲ್ಕು ಮಗ್ಗಗಳಲ್ಲಿ ಎರಡು ನಿಂತಿದ್ದವು. 2020ರ ಲಾಕ್‌ಡೌನ್ ಕಾಲದಲ್ಲಿ ಆದ ಸಾಲ ಇನ್ನೂ ತೀರಿರಲಿಲ್ಲ; ಸೂರತ್ತಿನಿಂದ ಬರುವ ಅಗ್ಗದ ಸೀರೆಗಳ ಮುಂದೆ ಇಲ್ಲಿನ ನೇಯ್ಗೆಗೆ ಬೆಲೆ ಸಿಗುತ್ತಿರಲಿಲ್ಲ. ಹುಡುಗನ ತಂದೆ ಸೌಜನ್ಯದಿಂದಲೇ ಕೂರಿಸಿ ಕಾಫಿ ಕೊಟ್ಟು ಹೇಳಿದರು: "ಕಾಯಕ, ಕಾಯಕ ಅಂತ ಇವನ ತಲೆ ತುಂಬಬೇಡಿ ಮೇಷ್ಟ್ರೇ. ಈ ಮಗ್ಗ ನನ್ನ ಕಾಲಕ್ಕೇ ಮುಗೀಲಿ. ಅವನು ಓದ್ಲಿ."

ಆ ಮಾತು ಶಿಕ್ಷಕರನ್ನು ಬಹುವಾಗಿ ಕಾಡಿತು. ಕಾಯಕವೆಂದರೆ ಅಪ್ಪನ ಕಸುಬಿಗೆ ಮಗನನ್ನು ಕಟ್ಟಿಹಾಕುವ ಹಗ್ಗವೆಂಬ ಭಾವನೆ ಅವರ ತರಗತಿಯಿಂದಲೇ ಆ ಮನೆಗೆ ತಲುಪಿತ್ತೇ? ಶರಣರಲ್ಲಿ ಹಾಗಿರಲಿಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆ ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿದರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಕಾಯಕವು ಹುಟ್ಟಿನಿಂದ ಅಂಟಿದ್ದಲ್ಲ, ಆರಿಸಿಕೊಂಡದ್ದು. ದುಡಿಮೆಯ ಫಲ ಯಾರಿಗೆ ಸೇರಬೇಕೆಂಬುದಕ್ಕೆ ದಾಸೋಹವೆಂಬ ತತ್ತ್ವವೇ ಇದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಅವರು ಎಷ್ಟೋ ಬಾರಿ ಬಡ ಮಕ್ಕಳಿಗೆ ತೃಪ್ತಿಯ ಪಾಠವಾಗಿ ಹೇಳಿದ್ದರು. ಹೆಚ್ಚು ಇಟ್ಟುಕೊಂಡವರ ಮುಂದೆ ಒಮ್ಮೆಯೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಅವರು ಇದನ್ನೆಲ್ಲ ಮಕ್ಕಳೆದುರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಹುಡುಗನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದರು. ಒಬ್ಬಳು ಹುಡುಗಿ, ಲಕ್ಕಮ್ಮನ ಮಾತು ಸಾಹುಕಾರರಿಗೂ ಸಲ್ಲಬೇಕೆಂದಳು. ಸಾಹುಕಾರರ ಮನೆಯ ಹುಡುಗನೊಬ್ಬನೂ ಅಲ್ಲಿದ್ದ. ನೂಲಿನ ಬೆಲೆ ಏರಿದ್ದನ್ನು, ಕೊಂಡವರು ತಿಂಗಳುಗಟ್ಟಲೆ ಹಣ ಕೊಡದಿರುವುದನ್ನು ಅವನು ಮುಖ ಕೆಂಪಗೆ ಮಾಡಿಕೊಂಡು ಹೇಳಿದ. ವಾದ ಏರಿತು. ಶಿಕ್ಷಕರು ತಡೆಯಲಿಲ್ಲ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸಿದ್ದನ್ನು ಶೂನ್ಯಸಂಪಾದನೆ ಸಂವಾದ ರೂಪದಲ್ಲಿಯೇ ನಿರೂಪಿಸುತ್ತದೆ. ಅನುಭವ ಮಂಟಪದ ಹೆಸರು ಹೇಳಿಕೊಂಡು ನಡೆಯುವ ತರಗತಿಯಲ್ಲಿ ಮಕ್ಕಳ ಬಾಯಿ ಕಟ್ಟುವುದು ವಿಚಿತ್ರವೇ ಸರಿ. ಅಂದು ಪ್ರಸಾದ ತಣ್ಣಗಾಯಿತು.

ತಂದೆಯವರ ಒಪ್ಪಿಗೆ ಪಡೆದು ಒಂದು ವಾರದ ತರಗತಿ ಅವರ ಮಗ್ಗದ ಮನೆಯಲ್ಲೇ ನಡೆಯಿತು. ಅವರು ಮಗ್ಗ ನಿಲ್ಲಿಸಿ, ಲಾಳಿಯನ್ನು ಮಕ್ಕಳ ಕೈಗಿತ್ತು, ಮುಳ್ಳನ್ನು ಎತ್ತಿ ತೋರಿಸಿದರು. ಬಳಿಕ ಶಿಕ್ಷಕರು ವಚನವನ್ನು ಓದಿದರು, ಅರ್ಥ ಹೇಳಲಿಲ್ಲ. ತಂದೆ ಇನ್ನೊಮ್ಮೆ ಓದಿಸಿ ಕೇಳಿದರು.

ಆ ವರ್ಷ ಸ್ಪರ್ಧೆ ನಡೆಯಲಿಲ್ಲ. ನಿಂತಿದ್ದ ಎರಡು ಮಗ್ಗಗಳು ಗುಜರಿಗೆ ಹೋದವು; ಉಳಿದೆರಡು ಓಡುತ್ತಿವೆ. ಹುಡುಗ ಈಗ ಪಿಯುಸಿ ಓದುತ್ತಿದ್ದಾನೆ. ಭಾನುವಾರ ಇಂದಿಗೂ ತಡವಾಗಿಯೇ ಬರುತ್ತಾನೆ, ಅವನು ಬರುವವರೆಗೆ ವಚನ ಆರಂಭಿಸುವುದು ಬೇಡವೆಂದು ಸಣ್ಣ ಮಕ್ಕಳು ಹಟ ಹಿಡಿಯುತ್ತಾರೆ.