ಒಂದೇ ಕೊಂಬೆಯ ಎರಡು ಹಕ್ಕಿಗಳು

ಯುಗಳಗೀತವು ಕೇಳುವುದಕ್ಕೆ ಹಗುರವಾದ ವಸ್ತು. ಅದರ ಧರ್ಮ ಮಾತ್ರ ಅಷ್ಟು ಹಗುರವಾದುದಲ್ಲ. ಒಬ್ಬನೇ ಹಾಡುವಾಗ ಗಾಯಕನು ತನ್ನ ಮನಸ್ಸಿಗೆ ತೋರಿದಷ್ಟು ವಿಸ್ತರಿಸಬಹುದು, ಬೇಕೆನಿಸಿದಲ್ಲಿ ನಿಲ್ಲಬಹುದು. ಇಬ್ಬರು ಹಾಡುವೆಡೆಯಲ್ಲಿ ಹಾಡಬಲ್ಲವನಾದರೆ ಸಾಲದು. ಇನ್ನೊಬ್ಬರ ಸರದಿಯಲ್ಲಿ ಸುಮ್ಮನಿರಲೂ ಬಲ್ಲವನಾಗಬೇಕು. ಅವರು ಬಿಟ್ಟಲ್ಲಿ ಎತ್ತಿಕೊಂಡು, ತಾನು ಮುಗಿಸಿದಲ್ಲಿ ಅವರಿಗೆ ಒಪ್ಪಿಸಬೇಕು. ಶ್ರುತಿ ಇಬ್ಬರಿಗೂ ಒಂದೇ, ತಾಳ ಇಬ್ಬರಿಗೂ ಒಂದೇ. ಅಲ್ಲಿ ಮೇಲು ಕೀಳೆಂಬ ಎಣಿಕೆಗೆ ಎಡೆಯಿಲ್ಲ. ಈ ಸಣ್ಣ ಮಾತು 1936ರಲ್ಲಿ ಒಂದು ಹಿಂದೀ ವಾಕ್ಚಿತ್ರದ ಪ್ರೇಮಗೀತದಿಂದ ದೊಡ್ಡ ಮಾತಾಯಿತು.

ಮುಂಬಯಿಯ ಮಲಾಡಿನಲ್ಲಿ ಹಿಮಾಂಶು ರಾಯರು 1934ರಲ್ಲಿ ಸ್ಥಾಪಿಸಿದ ‘ಬಾಂಬೆ ಟಾಕೀಸ್’ ಸಂಸ್ಥೆಯ ‘ಅಛೂತ್ ಕನ್ಯಾ’ ಎಂಬುದೇ ಆ ಚಿತ್ರ. ಅದರ ನಾಯಿಕೆ ಕಸ್ತೂರಿಯು ರೈಲ್ವೆ ಗೇಟು ಕಾಯುವ, ಅಸ್ಪೃಶ್ಯನೆನಿಸಿದ ದುಖಿಯಾನ ಮಗಳು. ನಾಯಕ ಪ್ರತಾಪನು ಬ್ರಾಹ್ಮಣ ಅಂಗಡಿಕಾರ ಮೋಹನನ ಮಗ. ಹಾವು ಕಚ್ಚಿದ ಮೋಹನನನ್ನು ದುಖಿಯಾ ಬದುಕಿಸಿದಂದಿನಿಂದ ತಂದೆಯರಿಬ್ಬರೂ ಸ್ನೇಹಿತರು. ಆ ನೆರಳಿನಲ್ಲಿ ಬೆಳೆದ ಮಕ್ಕಳು ಒಂದು ಮರದ ಕೊಂಬೆಯ ಮೇಲೆ ಜೊತೆಯಾಗಿ ಕುಳಿತು, ತಾವಿಬ್ಬರೂ ಕಾಡಿನ ಹಕ್ಕಿಗಳೆಂದು ಹಾಡುತ್ತಾರೆ. ಹಕ್ಕಿಗೆ ಜಾತಿಯಿಲ್ಲವೆಂಬ ಉಪದೇಶವನ್ನು ಗೀತಕಾರ ಜೆ. ಎಸ್. ಕಶ್ಯಪರು ಅಲ್ಲಿ ತುರುಕಲಿಲ್ಲ. ತುರುಕಬೇಕಾಗಿಯೂ ಇರಲಿಲ್ಲ. ನೆಲದ ಮೇಲೆ ಒಂದು ಬಾವಿಯಿಂದ ನೀರು ಸೇದಲಾಗದವರು ಕೊಂಬೆಯ ಮೇಲೆ ಒಂದು ರಾಗವನ್ನು ಹಂಚಿಕೊಂಡರು; ಅಷ್ಟೇ ಸಾಕಾಯಿತು.

ಈ ಹಾಡನ್ನು ಹಾಡಿದವರು ಆ ಪಾತ್ರಗಳನ್ನು ಅಭಿನಯಿಸಿದ ಅಶೋಕ ಕುಮಾರ್ ಮತ್ತು ದೇವಿಕಾ ರಾಣಿಯವರೇ. ಒಬ್ಬರ ತುಟಿಗೆ ಇನ್ನೊಬ್ಬರ ಕಂಠವನ್ನು ಜೋಡಿಸುವ ಹಿನ್ನೆಲೆ ಗಾಯನವು ಹಿಂದಿನ ವರ್ಷವಷ್ಟೇ, 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯ ಚಿತ್ರದಲ್ಲಿ ಕಾಣಿಸಿಕೊಂಡಿತ್ತು. ಅದಿನ್ನೂ ಎಲ್ಲೆಡೆಯ ಪದ್ಧತಿಯಾಗಿರಲಿಲ್ಲ. ಅಶೋಕ ಕುಮಾರರು ಬಾಂಬೆ ಟಾಕೀಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದು ಅನಿರೀಕ್ಷಿತವಾಗಿ ನಾಯಕರಾದವರು. ದೇವಿಕಾ ರಾಣಿಯವರು ರವೀಂದ್ರನಾಥ ಠಾಕೂರರ ಬಂಧುವರ್ಗಕ್ಕೆ ಸೇರಿ, ಬಾಲ್ಯದಿಂದ ಇಂಗ್ಲೆಂಡಿನಲ್ಲಿ ಓದಿ ಬಂದವರು. ಸಂಗೀತವೇ ವೃತ್ತಿಯಾದವರು ಇಬ್ಬರಲ್ಲಿ ಒಬ್ಬರೂ ಅಲ್ಲ.

ಇಂಥ ಎರಡು ಕಂಠಗಳನ್ನು ಒಂದುಗೂಡಿಸುವ ಹೊಣೆ ಬಿದ್ದದ್ದು ಸರಸ್ವತೀ ದೇವಿಯವರ ಮೇಲೆ. ಅವರ ಹುಟ್ಟುಹೆಸರು ಖುರ್ಷೀದ್, ಪಾರ್ಸಿ ಮನೆತನದವರು. ಲಖನೌದ ಸಂಗೀತ ಕಾಲೇಜಿನಲ್ಲಿ ಶಾಸ್ತ್ರೀಯವಾಗಿ ಕಲಿತವರು. ಅವರೂ ಅವರ ಸೋದರಿಯೂ ಚಿತ್ರರಂಗಕ್ಕೆ ಕಾಲಿಟ್ಟಾಗ ಮುಂಬಯಿಯ ಪಾರ್ಸಿ ಸಮಾಜದಲ್ಲಿ ದೊಡ್ಡ ಪ್ರತಿಭಟನೆಯೆದ್ದಿತು. ಕುಲೀನ ಸ್ತ್ರೀಯರಿಗೆ ಅದು ತಕ್ಕ ಸ್ಥಳವಲ್ಲವೆಂಬುದು ಹಲವರ ತೀರ್ಪಾಗಿತ್ತು. ಅಕ್ಕತಂಗಿಯರು ಹೆಸರನ್ನು ಬದಲಿಸಿಕೊಂಡರೇ ಹೊರತು ಹಿಂದೆಗೆಯಲಿಲ್ಲ. ಖುರ್ಷೀದ್ ಸರಸ್ವತೀ ದೇವಿಯಾದರು, ಸೋದರಿ ಚಂದ್ರಪ್ರಭೆಯಾದರು. ಬೇಲಿಯಿಂದಾಚೆ ನಿಲ್ಲಿಸಲ್ಪಟ್ಟ ಹುಡುಗಿಯ ಹಾಡಿಗೆ ರಾಗ ಹಾಕಿದಾಕೆ ತಾನೂ ಒಂದು ಬೇಲಿಯನ್ನು ದಾಟಿ ಬಂದವಳೇ ಆಗಿದ್ದಳು.

ಆ ಗೀತದ ರಚನೆಯನ್ನು ಗಮನಿಸಿದರೆ ಆಕೆಯ ವಿವೇಕ ತಿಳಿಯುತ್ತದೆ. ವಿದ್ವತ್ತನ್ನು ಮೆರೆಸುವ ಆಸೆಯಿಂದ ಕಠಿನವಾದ ಸಂಚಾರಗಳನ್ನು ಹಾಕಿದ್ದರೆ ಅಭ್ಯಾಸವಿಲ್ಲದ ಕಂಠಗಳೆರಡೂ ಬಳಲುತ್ತಿದ್ದುವು. ಆಕೆ ಹಾಗೆ ಮಾಡಲಿಲ್ಲ. ಸ್ವರಗಳು ಮಾತಿಗೆ ಹತ್ತಿರದವು. ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಮನೆಗೆ ಮರಳುವಂಥದು. ತಾಯಿಯು ಎಡವುವ ಕೂಸಿನ ನಡಿಗೆಗೆ ತನ್ನ ಹೆಜ್ಜೆಯನ್ನು ಕಿರಿದುಗೊಳಿಸುವಂತೆ, ಬಲ್ಲವರು ಬಾರದವರಿಗಾಗಿ ತಮ್ಮ ಬಲ್ಮೆಯನ್ನು ಮರೆಯಿಸಿಕೊಂಡರು. ಫಲವೇನಾಯಿತೆಂದರೆ, ನಾಡಿನಲ್ಲಿ ಹಾಡಲು ಬಾರದವರೂ ಆ ಹಾಡನ್ನು ಗುನುಗಿದರು. ಅನಂತರ ಬಂದ ಹಿನ್ನೆಲೆ ಗಾಯಕರಲ್ಲಿ ಎಂಥೆಂಥ ಕಂಠಗಳಿದ್ದುವೆಂಬುದನ್ನು ಹೇಳಬೇಕಾಗಿಲ್ಲ. ಕಲೆಯ ದೃಷ್ಟಿಯಿಂದ ಆ ಲಾಭ ನಿಸ್ಸಂದೇಹವಾದುದು. ಆದರೂ ಕುಳಿತವರೇ ಹಾಡುವ, ಕೊಂಚ ನಡುಗುವ, ಆ ಎರಡು ದನಿಗಳಲ್ಲಿ ಪರಿಪೂರ್ಣತೆಗೆ ಸಿಕ್ಕದ ಒಂದು ನಂಬಿಕೆಯಿದೆ. ಒಲಿದವರು ನಿಜವಾಗಿಯೂ ಹೀಗೆಯೇ ಹಾಡಿಯಾರೆನಿಸುತ್ತದೆ.

ಹಾಡು ಮುಗಿದ ಮೇಲೆ ಕಥೆ ನೆಲಕ್ಕಿಳಿಯುತ್ತದೆ. ಊರ ಜನ ಮೋಹನನ ಮನೆಗೆ ಬೆಂಕಿಯಿಡುತ್ತಾರೆ. ಪ್ರತಾಪನಿಗೂ ಕಸ್ತೂರಿಗೂ ಅವರವರ ಜಾತಿಯಲ್ಲಿ ಬೇರೆ ಬೇರೆ ಮದುವೆಯಾಗುತ್ತದೆ. ಕೊನೆಗೆ ರೈಲ್ವೆ ಗೇಟಿನಲ್ಲಿ ಹೊಡೆದಾಡುತ್ತಿರುವ ಗಂಡನನ್ನೂ ಪ್ರತಾಪನನ್ನೂ ಉಳಿಸಲು ಕಸ್ತೂರಿಯು ರೈಲಿಗೆ ಎದುರಾಗಿ ಓಡಿ ಪ್ರಾಣ ಬಿಡುತ್ತಾಳೆ. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳ ಮಾತು ಉಪನಿಷತ್ತಿನಲ್ಲಿಯೂ ಬರುತ್ತದೆ. ಅಲ್ಲಿ ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ. ಅದು ತತ್ತ್ವ. ಊರಿನಲ್ಲಿಯಾದರೋ ತಿನ್ನತಕ್ಕವರು ಯಾರು, ನೋಡುತ್ತಿರತಕ್ಕವರು ಯಾರು, ಸಾಯತಕ್ಕವರು ಯಾರು ಎಂಬುದು ಹುಟ್ಟಿನಲ್ಲಿಯೇ ಗೊತ್ತಾಗಿಬಿಟ್ಟಿರುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಮರೆಯಲಾಗದು. ಅದೇ 1936ರಲ್ಲಿ ಲಾಹೋರಿನ ಒಂದು ಸುಧಾರಕ ಮಂಡಲಿಯು ಡಾ. ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದ ಭಾಷಣವನ್ನು ನೋಡಿ ಅಂಜಿ, ಸಭೆಯನ್ನೇ ರದ್ದುಮಾಡಿತು. ಅವರು ಅದನ್ನು ತಮ್ಮ ಖರ್ಚಿನಲ್ಲಿ ಅಚ್ಚುಹಾಕಿಸಿದರು. ಚಿತ್ರಮಂದಿರದಲ್ಲಿ ಕಸ್ತೂರಿಯ ಹಾಡಿಗೆ ತಲೆದೂಗಿದ ಸಮಾಜವು ಕಸ್ತೂರಿಯ ಕಡೆಯವರು ತಾವೇ ಮಾತನಾಡಹೊರಟಾಗ ಸಭೆಯ ಬಾಗಿಲು ಮುಚ್ಚಿತು. ಕಸ್ತೂರಿಯ ಕಂಠವೂ ಠಾಕೂರ ಬಂಧುವರ್ಗದ ಕಂಠವೇ ಆಗಿತ್ತಷ್ಟೆ! ಇದರಲ್ಲಿ ನಟಿಯ ದೋಷವೇನೂ ಇಲ್ಲ. ಕರುಣೆಯಿಂದ ಹಾಡುವುದು ಒಂದು, ಹಕ್ಕಿನಿಂದ ಹಾಡುವುದು ಇನ್ನೊಂದು ಎಂಬುದಷ್ಟೇ ತಾತ್ಪರ್ಯ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಕಂಬನಿಯಿಂದ ಆಗದ ಕೆಲಸಕ್ಕೆ ಕಾನೂನು ಬೇಕಾಯಿತು. ಕಾನೂನಿಗೂ ಸಿಕ್ಕದೆ ಉಳಿದ ಕೆಲಸ ಇಂದಿಗೂ ಬೇಕಾದಷ್ಟಿದೆ.

ದೇವಿಕಾ ರಾಣಿಯವರು 1945ರಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ವರಿಸಿ ಚಿತ್ರರಂಗವನ್ನು ಬಿಟ್ಟರು. ಮುಂದೆ ಬೆಂಗಳೂರಿನ ಬಳಿಯ ತಾತಗುಣಿಯ ತೋಟದಲ್ಲಿ ನೆಲಸಿ, ಕನ್ನಡ ನಾಡಿನ ಮಣ್ಣಿನಲ್ಲಿಯೇ 1994ರಲ್ಲಿ ತೀರಿಕೊಂಡರು. ಸರಸ್ವತೀ ದೇವಿಯವರು 1980ರಲ್ಲಿ, ಅಶೋಕ ಕುಮಾರರು 2001ರಲ್ಲಿ ಗತಿಸಿದರು. ಕೆಲವೇ ನಿಮಿಷಗಳ ಆ ಗೀತ ಉಳಿದಿದೆ. ಒಂದು ಹಾಡು ಊರನ್ನು ತಿದ್ದಲಾರದು, ನಿಜ. ಆದರೆ ಇಬ್ಬರು ಸರಿಸಮರಾಗಿ ಕುಳಿತರೆ ಹೇಗಿರುತ್ತದೆಂಬುದನ್ನು ಅದು ಕಿವಿಗೆ ಒಮ್ಮೆ ತೋರಿಸಿತು. ಆ ಸೊಗಸನ್ನು ಕೇಳಿ ಮೆಚ್ಚಿದವನಿಗೆ, ಕೊಂಬೆಯ ಮೇಲೆ ಒಪ್ಪಿದ್ದು ನೆಲದ ಮೇಲೆ ಏಕೆ ಒಪ್ಪದೆಂಬ ಪ್ರಶ್ನೆಯಿಂದ ಬಿಡುಗಡೆಯಿಲ್ಲ.