ಅಟ್ಟದ ಮೇಲಿನ ನ್ಯಾಸ

ನಿಟ್ಟೆಯ ಆ ಮನೆಯ ಅಟ್ಟದ ಮೇಲೆ, ಹಳೆಯ ಕಂಚಿನ ಹಂಡೆಗಳ ಹಿಂದೆ, ಬಿಳಿ ಪಂಚೆಯೊಂದರಲ್ಲಿ ಸುತ್ತಿದ ಗಿಟಾರೊಂದು ಸುಮಾರು ಆರು ದಶಕಗಳ ಕಾಲ ಮಲಗಿತ್ತು. ಅದು ಆ ಮನೆಯ ಸೊತ್ತಾಗಿರಲಿಲ್ಲ. ಮನೆಯ ಈಗಿನ ಯಜಮಾನರ ಸೋದರಮಾವ ಎರಡನೆಯ ಮಹಾಯುದ್ಧಕ್ಕೆ ಮೊದಲು ಮುಂಬಯಿಯ ಕೋಟೆ ಪ್ರದೇಶದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರೊಡನೆ ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದವರು ಅತ್ತೂರಿನ ಕ್ರೈಸ್ತ ಗೆಳೆಯರೊಬ್ಬರು. ಸ್ವಾತಂತ್ರ್ಯ ಬಂದ ಮರುವರ್ಷಗಳಲ್ಲಿ ಆ ಗೆಳೆಯರು ಪೂರ್ವ ಆಫ್ರಿಕಕ್ಕೆ ಹೊರಟು ನಿಂತಾಗ ತಮ್ಮ ಗಿಟಾರನ್ನು ನಿಟ್ಟೆಯ ಮನೆಯಲ್ಲಿ ಇರಿಸಿ, ಬಂದಾಗ ಕೊಂಡೊಯ್ಯುವೆನೆಂದು ಹೇಳಿ ಹೋದರು. ಅವರು ಮತ್ತೆ ಬರಲಿಲ್ಲ.

"ಅದು ನಮ್ಮದಲ್ಲ ಮಾರಾಯ, ಪೊರ್ಬುಗಳದ್ದು. ಕೇಳಿದ ದಿನ ಕೊಡಬೇಕು" ಎಂದು ಮಾವ ಆಗಾಗ ಹೇಳುತ್ತಿದ್ದರು. ಅಳಿಯಸಂತಾನದ ಮನೆ. ಮಾವನ ಗದ್ದೆ, ಸಾಲ, ಬಸದಿಯ ಸೇವೆಯ ಹೊಣೆ ಎಲ್ಲವೂ ಅಳಿಯನಿಗೆ ಬಂದಂತೆ ಆ ಗಿಟಾರೂ ಬಂತು. ಅಳಿಯ ಮುಂದೆ ಶಾಲಾ ಅಧ್ಯಾಪಕರಾಗಿ, ನಿವೃತ್ತರಾಗಿ, ಊರಿಗೆಲ್ಲ 'ಮಾಸ್ಟ್ರು' ಎನಿಸಿಕೊಂಡರು.

ಮಾಸ್ಟ್ರಿಗೆ ಆ ವಾದ್ಯದ ವಿಷಯದಲ್ಲಿ ಯಾರಿಗೂ ಹೇಳದ ಒಂದು ಸಂಗತಿಯಿತ್ತು. ಹದಿನಾರರ ವಯಸ್ಸಿನಲ್ಲಿ ಅವರಿಗೆ ಅದನ್ನು ನುಡಿಸಬೇಕೆಂಬ ಆಸೆ ಹುಟ್ಟಿತು. ಅದರ ಹಳೆಯ ತಂತಿಗಳು ಕುರಿಯ ಕರುಳಿನಿಂದ ಮಾಡಿದವು. ಕರಾವಳಿಯ ತೇವಕ್ಕೆ ಎಂದೋ ತುಂಡಾಗಿದ್ದವು. ಹುಡುಗ ಮಂಗಳೂರಿಗೆ ಹೋಗಿದ್ದಾಗ ಸಿಕ್ಕಿದ ಉಕ್ಕಿನ ತಂತಿಗಳನ್ನು ಕೊಂಡು ತಂದು, ಗಂಟು ಹಾಕಿ ಬಿಗಿದ. ಹದಿನೈದು ದಿನ ಸುಖವಾಗಿ ಕಳೆಯಿತು. ಆಮೇಲೆ ಆಷಾಢದ ಒಂದು ರಾತ್ರಿ ಕತ್ತಲಲ್ಲಿ 'ಟಕ್' ಎಂದು ಸದ್ದಾಯಿತು. ತಂತಿಗಳನ್ನು ಹೊತ್ತ ಕುದುರೆ, ಎಂದರೆ ವೀಣೆಯಲ್ಲಿ ಕುದುರೆ ಎಂದು ಕರೆಯುವ ಆ ಮರದ ಪಟ್ಟಿ, ಮೇಲ್ಹಲಗೆಯ ಒಂದಿಷ್ಟು ನಾರನ್ನೂ ಕಿತ್ತುಕೊಂಡು ಎದ್ದಿತ್ತು. ಒಳಗಿನಿಂದ ಮಾವ "ಏನದು?" ಎಂದು ಕೇಳಿದರು. "ತೆಂಗಿನಕಾಯಿ ಬಿತ್ತು ಮಾವ" ಎಂದ ಹುಡುಗ. ಮರುದಿನ ಗಿಟಾರು ಪಂಚೆಯೊಳಗೆ ಸೇರಿ ಅಟ್ಟ ಏರಿತು. ಮಾವ ತೀರಿಕೊಳ್ಳುವವರೆಗೂ ಆ ತೆಂಗಿನಕಾಯಿಯ ಮಾತು ಹಾಗೆಯೇ ಉಳಿಯಿತು.

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳಲ್ಲಿ, ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ವಾರ್ಷಿಕ ಹಬ್ಬಕ್ಕೆಂದು ಇಂಗ್ಲೆಂಡಿನಿಂದ ಬಂದ ಮಹಿಳೆಯೊಬ್ಬರು ತಮ್ಮ ಬಂಧುವೊಬ್ಬರನ್ನು ಕರೆದುಕೊಂಡು ಆ ಮನೆಯನ್ನು ಹುಡುಕಿಕೊಂಡು ಬಂದರು. ಈ ಇಗರ್ಜಿಗೆ ೨೦೧೬ರಲ್ಲಿ ಬಸಿಲಿಕಾ ಎಂಬ ಗೌರವ ದೊರೆತ ಮೇಲೆ ಪರದೇಶದಲ್ಲಿರುವ ಊರವರು ಹಬ್ಬಕ್ಕೆ ಬರುವುದು ಇನ್ನೂ ಹೆಚ್ಚಾಗಿದೆ. ಬಂದವರು ಗಿಟಾರು ಇಟ್ಟುಹೋದವರ ಮೊಮ್ಮಗಳು. "ಮಾಸ್ಟ್ರೇ, ಇವರ ಅಜ್ಜನ ಗಿಟಾರು ನಿಮ್ಮಲ್ಲಿ ಉಂಟಂತೆ, ಹೌದಾ?" ಎಂದು ಬಂಧು ಕೇಳಿದರು. ಮಾಸ್ಟ್ರು ಉಂಟೆಂದರು, ಇಳಿಸಿ ತಂದು ಚಾವಡಿಯಲ್ಲಿ ಇಟ್ಟರು. ಎದ್ದು ನಿಂತ ಕುದುರೆ, ಉಬ್ಬಿದ ಮೇಲ್ಹಲಗೆ, ಬಾಗಿದ ದಂಡಿ. ಆಕೆ ಅದನ್ನು ಬಹಳ ಹೊತ್ತು ನೋಡಿ, ಮಾಸ್ಟ್ರ ಮುಖವನ್ನೂ ನೋಡಿ, ಅದು ಆಗಲೇ ಮುರಿದದ್ದೆಂದು ಅಜ್ಜ ಹೇಳುತ್ತಿದ್ದರು ಎಂದರು. ಮಾಸ್ಟ್ರು ಮಾತಾಡಲಿಲ್ಲ. ಮುಂದಿನ ವರ್ಷದ ಹಬ್ಬಕ್ಕೆ ಬಂದಾಗ ಕೊಂಡುಹೋಗುತ್ತೇನೆಂದು ಹೇಳಿ ಆಕೆ ಹೊರಟರು.

ಆ ಮೌನ ಅವರನ್ನು ನಿದ್ದೆಗೊಡಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದೆಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಇರಿಸಲು ಕೊಟ್ಟ ವಸ್ತುವನ್ನು ನುಂಗುವುದು ಎಂದು ಸಾಮಾನ್ಯವಾಗಿ ನಾವು ಅದರ ಅರ್ಥ ಹೇಳಿ ಮುಂದೆ ಹೋಗುತ್ತೇವೆ. ಆದರೆ ಪೂಜ್ಯಪಾದರ ಸರ್ವಾರ್ಥಸಿದ್ಧಿ ಅದನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸಿದೆ: ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಮೆ ಕೇಳಿದಾಗ, ಇರಿಸಿಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿಬಿಡುವುದೇ ನ್ಯಾಸಾಪಹಾರ. ಕೊಟ್ಟದ್ದು ಇಡೀ ಗಿಟಾರು. ಕೇಳಿದ್ದು ಮುರಿದ ಗಿಟಾರು. ಮಾಸ್ಟ್ರು ಇದನ್ನು ವರ್ಷಗಟ್ಟಲೆ ಮಕ್ಕಳಿಗೆ ಬೋಧಿಸಿದವರು.

ಆದರೂ ಅವರು ಮೊದಲು ಯೋಚಿಸಿದ್ದು ತಪ್ಪೊಪ್ಪಿಗೆಯನ್ನಲ್ಲ, ರಿಪೇರಿಯನ್ನು. ಇಡೀ ವಸ್ತುವನ್ನೇ ಮರಳಿಸಿದರೆ ಮಾತಿನ ಅಗತ್ಯವೇ ಇರುವುದಿಲ್ಲವಲ್ಲ! ಇಂಥ ಯೋಚನೆ ಬಾರದವರು ವಿರಳ.

ಮೊದಲು ನೋಡಿದವರು ಕಾರ್ಕಳದ ಒಬ್ಬ ಹಿರಿಯ ಬಡಗಿ. ಬಸದಿಯ ಬಾಗಿಲುಗಳನ್ನು ಸರಿಪಡಿಸಿದ ಕೈ. ಅವರು ಗಿಟಾರಿನ ಬೆನ್ನನ್ನು ಬೆರಳಿನಿಂದ ತಟ್ಟಿ ನೋಡಿ, ಮೇಲ್ಹಲಗೆಯ ದಪ್ಪ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಿಲ್ಲವೆಂದು ಕಂಡು ಕೈ ತೆಗೆದರು. "ಫೆವಿಕಾಲ್ ಹಾಕಿ ಅಂಟಿಸಿ ಕೊಡಬಹುದು ಮಾಸ್ಟ್ರೇ. ಮತ್ತೆ ಯಾರಿಗೂ ಬಿಡಿಸಲಿಕ್ಕೆ ಆಗುವುದಿಲ್ಲ. ಇದು ನನ್ನ ಕೆಲಸ ಅಲ್ಲ" ಎಂದರು. ಈ ಹುಡುಕಾಟದಲ್ಲಿ ಕೇಳಿಬಂದ ಮೊದಲ ತಜ್ಞವಾಕ್ಯ ಇದೇ ಎನ್ನಬೇಕು. ಪಟ್ಟಣದ ವಾದ್ಯದಂಗಡಿಯೊಂದರಲ್ಲಿ, ಇದಕ್ಕೆ ಹಾಕುವ ದುಡ್ಡಿಗೆ ಹೊಸತೇ ಬರುತ್ತದೆಂಬ ಉತ್ತರ ದೊರೆಯಿತು. ಅದು ಸುಳ್ಳೂ ಅಲ್ಲ. ಮಹಾನಗರವೊಂದರ ಕಾರ್ಯಾಗಾರದವರು ಮಾತ್ರ ಬಹಳ ಉತ್ಸಾಹ ತೋರಿದರು. ಹಳೆಯ ಮೆರುಗನ್ನು ಉಜ್ಜಿ ತೆಗೆದು, ಹೊಸ ಮೇಲ್ಹಲಗೆ ಕೂಡಿಸಿ, ಕನ್ನಡಿಯಂತೆ ಹೊಳೆಯುವ ಪಾಲಿಶ್ ಹೊಡೆದು, ಹದಿನೈದು ದಿನಗಳಲ್ಲಿ ಹೊಸತರಂತೆ ಮಾಡಿ ಕೊಡುತ್ತೇವೆಂದರು. ಮಾಸ್ಟ್ರು ಅದಕ್ಕೆ ಬಹುತೇಕ ಒಪ್ಪಿಯೇ ಬಿಟ್ಟಿದ್ದರು. ಹೊಸತರಂತೆ ಮಾಡಿದ್ದು ಇಟ್ಟವರ ಗಿಟಾರೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಎತ್ತಿದವರು ಅವರ ಪತ್ನಿ. "ನಾಳೆ ನಮ್ಮ ಬಸದಿಯ ಕಂಬವನ್ನು ಯಾರಾದರೂ ಹೀಗೆ ಉಜ್ಜಿದರೆ ನೀವು ಸುಮ್ಮನಿರುತ್ತೀರಾ?" ಎಂದು ಅವರು ಕೇಳಿದರು.

ಕೊನೆಗೆ ದಾರಿ ತೋರಿದ್ದು ಊರೇ. ೧೯೮೬ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ನಿಟ್ಟೆಗೆ ನಾನಾ ರಾಜ್ಯಗಳ ಹುಡುಗರು ಬರುತ್ತಾರೆ. ಸಂಜೆ ಹೊತ್ತು ಬೆನ್ನಿಗೆ ಗಿಟಾರು ಕಟ್ಟಿಕೊಂಡು ಬೈಕಿನಲ್ಲಿ ಹೋಗುವವರೂ ಅವರಲ್ಲುಂಟು. ಅಂಥ ಒಬ್ಬ ವಿದ್ಯಾರ್ಥಿ ಬೆಂಗಳೂರಿನಲ್ಲಿ ಗಿಟಾರು ತಯಾರಿಸುವ, ಹಳೆಯದನ್ನು ದುರಸ್ತಿ ಮಾಡುವ ತರುಣನೊಬ್ಬನ ವಿಳಾಸ ಕೊಟ್ಟ. ಆ ತರುಣ ಬೆಲೆ ಹೇಳಲಿಲ್ಲ, ಪ್ರಶ್ನೆ ಕೇಳಿದ. ದಂಡಿಯ ಉದ್ದಕ್ಕೂ ಒಂದು ನೇರ ಪಟ್ಟಿ ಇಟ್ಟು ಚಿತ್ರ ತೆಗೆದು ಕಳುಹಿಸಿರೆಂದ. ಸಣ್ಣ ಕನ್ನಡಿಯನ್ನು ನಾದರಂಧ್ರದೊಳಗೆ ಇಳಿಸಿ ಒಳಗಿನ ಆಧಾರಪಟ್ಟಿಗಳನ್ನು ತೋರಿಸಿರೆಂದ. ಉಳಿದ ತಂತಿಗಳನ್ನು ಇಂದೇ ಸಡಿಲಿಸಿರೆಂದ. ಮಳೆಗಾಲದಲ್ಲಿ ಕಳುಹಿಸಬೇಡಿರೆಂದೂ ಹೇಳಿದ: ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಲ್ಲಿ ಉಬ್ಬಿದ ಮರ ಒಮ್ಮೆಲೇ ಒಣಹವೆಗೆ ಹೋದರೆ ಸೀಳುತ್ತದೆ.

ದೀಪಾವಳಿಯ ಅನಂತರ ಮಾಸ್ಟ್ರು ತಾವೇ ಗಿಟಾರನ್ನು ಕೊಂಡೊಯ್ದರು. ತರುಣ ದೀಪ ಹಿಡಿದು ಒಳಗಿನ ಚೀಟಿಯನ್ನು ಓದಿದ. 'ವೇಲೆನ್ಸಿಯಾ' ಎಂಬ ಊರ ಹೆಸರೊಂದೇ ಅಳಿಯದೆ ಉಳಿದಿತ್ತು. ಸ್ಪೇನಿನ ಆ ನಗರದಿಂದ ಕಳೆದ ಶತಮಾನದ ಆರಂಭದಲ್ಲಿ ಅಗ್ಗದ ಗಿಟಾರುಗಳು ಹೇರಳವಾಗಿ ಹೊರದೇಶಗಳಿಗೆ ಹೋಗುತ್ತಿದ್ದವು. ಗಿಟಾರಿಗೆ ಇಂದಿನ ಆಕಾರ ಕೊಟ್ಟ ಆಂಟೋನಿಯೋ ದೆ ತೋರೆಸ್ (೧೮೧೭-೧೮೯೨) ಅವರ ಕೈಕೆಲಸವೇನೂ ಇದಲ್ಲ, ಸಾಮಾನ್ಯರ ವಾದ್ಯ. ಬಿರಡೆಗಳ ಬಿಳಿಯ ಉರುಳೆಗಳನ್ನು ಅವನು ಭೂತಗನ್ನಡಿಯಿಂದ ನೋಡಿದ. ದಂತವಾದರೆ ಒಂದನ್ನೊಂದು ಕತ್ತರಿಸುವ ನವುರಾದ ಗೆರೆಗಳು ಕಾಣುತ್ತವೆ, ಎಲುಬಾದರೆ ಸೂಜಿಮೊನೆಯಂಥ ಚುಕ್ಕಿಗಳು. ಇದು ಎಲುಬು. ದಂತವಾಗಿದ್ದರೆ ಇಂಗ್ಲೆಂಡಿಗೆ ಒಯ್ಯುವುದೇ ತೊಡಕಾಗುತ್ತಿತ್ತು.

ಬಳಿಕ ಅವನು ತಂತಿ ಹಾಯುವ ಎಲುಬಿನ ಪಟ್ಟಿಯ ಮೇಲಿನ ಕಿರಿದಾದ, ಆಳವಾದ ಕೊರೆತಗಳ ಮೇಲೆ ಬೆರಳಿಟ್ಟ. "ಸರ್, ಇದಕ್ಕೆ ಯಾರೋ ಉಕ್ಕಿನ ತಂತಿ ಹಾಕಿದ್ದಾರೆ. ಯಾರು? ಎಷ್ಟು ದಿನ ಇತ್ತು?" ಕರುಳಿನ ತಂತಿಗೆಂದು ಮಾಡಿದ ಗಿಟಾರಿನ ಮೇಲ್ಹಲಗೆ ಸುಮಾರು ನಲವತ್ತು ಕಿಲೋ ಸೆಳೆತವನ್ನು ತಡೆಯುವಂಥದು, ಉಕ್ಕಿನ ಆರು ತಂತಿಗಳು ಸೇರಿ ಎಪ್ಪತ್ತು ಕಿಲೋದಷ್ಟು ಸೆಳೆಯುತ್ತವೆ. ಹದಿನೈದು ದಿನದ ಸೆಳೆತವಾದರೆ ಒಳಗಿನ ಪಟ್ಟಿಗಳು ಬರಿದೇ ಬಿಟ್ಟುಕೊಂಡಿರುತ್ತವೆ, ಹದಿನೈದು ವರ್ಷದ್ದಾದರೆ ಮರವೇ ಆ ಬಾಗನ್ನು ಕಲಿತುಬಿಟ್ಟಿರುತ್ತದೆ. ಚಿಕಿತ್ಸೆ ಎರಡಕ್ಕೂ ಬೇರೆ. ನಿಜ ತಿಳಿಯದೆ ಕೈ ಹಾಕುವಂತಿಲ್ಲ. ಮಾವನಿಗೂ ಪತ್ನಿಗೂ ಹೇಳದಿದ್ದ ಮಾತನ್ನು ಮಾಸ್ಟ್ರು ಮೊದಲ ಬಾರಿಗೆ ಹೇಳಿದ್ದು ಆ ಕೆಲಸದ ಮೇಜಿನ ಮುಂದೆ, ಮೊಮ್ಮಗನ ವಯಸ್ಸಿನ ಹುಡುಗನಿಗೆ. ಹುಡುಗ ಆಶ್ಚರ್ಯಪಡದೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಇನ್ನೊಂದು ಪ್ರಶ್ನೆ ಮಾಸ್ಟ್ರದು: ಯಾವ ಅಂಟು? ಚರ್ಮವನ್ನು ಕುದಿಸಿ ಮಾಡಿದ ಅಂಟು ಎಂದು ತರುಣ ಮುಚ್ಚಿಡದೆ ಹೇಳಿದ. ಇಡೀ ಗಿಟಾರು ಕಟ್ಟಿರುವುದೂ ಅದರಿಂದಲೇ. ಅರುವತ್ತು ಡಿಗ್ರಿಯಷ್ಟು ಬಿಸಿ, ಸ್ವಲ್ಪ ನೀರು ತಾಗಿದರೆ ಅದು ಮತ್ತೆ ಕರಗುತ್ತದೆ. ಆದ್ದರಿಂದಲೇ ನೂರು ವರ್ಷದ ಬಳಿಕವೂ ಮರವನ್ನು ಸೀಳದೆ ಬಿಡಿಸಲು ಸಾಧ್ಯ. ರಾಸಾಯನಿಕ ಅಂಟುಗಳಲ್ಲಿ ಪ್ರಾಣಿಯ ಅಂಶವಿಲ್ಲ, ಆದರೆ ಅವುಗಳಲ್ಲಿ ಹೆಚ್ಚಿನವನ್ನು ಮತ್ತೆ ಬಿಡಿಸಹೊರಟರೆ ಮೇಲ್ಹಲಗೆಗೇ ಪೆಟ್ಟು.

ಆಶಾಧರರ ಸಾಗಾರಧರ್ಮಾಮೃತ ಶ್ರಾವಕನು ಬಿಡಬೇಕಾದ ಖರಕರ್ಮಗಳಲ್ಲಿ ದಂತವಾಣಿಜ್ಯವನ್ನೂ ಲಾಕ್ಷಾವಾಣಿಜ್ಯವನ್ನೂ ಎಣಿಸಿದೆ. ಹಳೆಯ ಗಿಟಾರಿನ ಹೊಳಪು ಅರಗಿನದು, ಬಿಳುಪು ಎಲುಬಿನದು, ಬಂಧ ಚರ್ಮದ್ದು. ಅಂಟಿಗಾಗಿ ಯಾರೂ ಪ್ರಾಣಿಯನ್ನು ಕೊಲ್ಲುವುದಿಲ್ಲವೆಂದು ತರುಣ ವಿನಯದಿಂದಲೇ ಹೇಳಿದ. ಆದರೆ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮನೆಯಲ್ಲಿ ಬೆಳೆದವರಿಗೆ ಅಷ್ಟು ಸಾಲದು. ಇತ್ತ, ಬಸದಿಯ ಉತ್ಸವದಲ್ಲಿ ಮೊಳಗುವ ವಾದ್ಯಗಳಿಗೂ ಚರ್ಮವೇ ಬಿಗಿದಿದೆ. ಅದನ್ನು ಕೇಳಿ ತಲೆದೂಗಿದವರು ಇಲ್ಲಿ ಮಾತ್ರ ಶುದ್ಧಿಯನ್ನು ಹೊತ್ತು ನಿಲ್ಲುವುದೂ ಅವರಿಗೆ ಸರಿಕಾಣಲಿಲ್ಲ. ತಮ್ಮ ವ್ರತಕ್ಕಾಗಿ ಬೇರೆಯವರ ಸೊತ್ತಿಗೆ ಬಿಡಿಸಲಾಗದ ಅಂಟು ಹಾಕಬಹುದೇ? "ಇದನ್ನು ನೀವೂ ನಾನೂ ತೀರ್ಮಾನಿಸುವುದಲ್ಲ ಸರ್, ಗಿಟಾರಿನ ಯಜಮಾನರು ಹೇಳಬೇಕು" ಎಂದ ತರುಣ. ಹೀಗೆ ಅಂಟಿನ ನೆಪದಲ್ಲಿ ಇಂಗ್ಲೆಂಡಿಗೆ ಪತ್ರ ಬರೆಯುವುದು ಅನಿವಾರ್ಯವಾಯಿತು. ಅಂಟಿನ ಕಾರಣ ಬರೆಯಬೇಕಾದರೆ ಉಕ್ಕಿನ ತಂತಿಯ ಕಥೆಯನ್ನೂ ಬರೆಯಲೇಬೇಕಿತ್ತು. ಮಾಸ್ಟ್ರು ಮೂರು ಸಲ ಬರೆದು ಹರಿದು, ನಾಲ್ಕನೆಯದನ್ನು ಅಂಚೆಗೆ ಹಾಕಿದರು.

ಉತ್ತರ ಚಿಕ್ಕದಾಗಿತ್ತು. ಗಿಟಾರು ಮುರಿದದ್ದೆಂದು ಅಜ್ಜ ಎಂದೂ ಹೇಳಿರಲಿಲ್ಲವಂತೆ. ಪಂಚೆ ಬಿಚ್ಚುವಾಗ ಮಾಸ್ಟ್ರ ಮುಖ ಕಂಡು ಆಕೆಯೇ ಹಾಗೆಂದರಂತೆ. ಅಂಟಿನ ವಿಷಯದಲ್ಲಿ, ಮುಂದೆ ಬರುವವರು ಬಿಡಿಸಬಲ್ಲಂಥದನ್ನು ಹಾಕಲಿ, ಅದರ ಖರ್ಚನ್ನು ತಾನೇ ಕೊಡುತ್ತೇನೆ, ಕೂಲಿಯನ್ನು ಮಾಸ್ಟ್ರು ಕೊಡುವುದಾದರೆ ಬೇಡವೆನ್ನುವುದಿಲ್ಲ ಎಂದು ಬರೆದಿದ್ದರು.

ಕೆಲಸ ಎರಡು ತಿಂಗಳು ಹಿಡಿಯಿತು. ಸಾಧ್ಯವಿದ್ದಲ್ಲೆಲ್ಲ ತರುಣ ಹಳೆಯ ಅಂಟನ್ನೇ ಬಿಸಿನೀರಿನಿಂದ ಎಬ್ಬಿಸಿ ಮತ್ತೆ ಕೂರಿಸಿದ. ಹೊಸದು ಬೇಕಾದದ್ದು ಕುದುರೆಗೂ ಒಳಗಿನ ಎರಡು ಪಟ್ಟಿಗಳಿಗೂ ಮಾತ್ರ. ಮೇಲ್ಹಲಗೆಯ ಉಬ್ಬು ಪೂರ್ತಿ ಇಳಿಯಲಿಲ್ಲ; ಇಳಿಸಲು ಹೋದರೆ ಸೀಳೀತೆಂದು ಅಷ್ಟಕ್ಕೇ ಬಿಟ್ಟ. ಅರಗಿನ ಮೆರುಗನ್ನು ಒರೆಸಿದನೇ ಹೊರತು ಹೊಸದಾಗಿ ಬಳಿಯಲಿಲ್ಲ. ಕರುಳಿನ ತಂತಿಯ ಜಾಗಕ್ಕೆ, ೧೯೪೦ರ ದಶಕದಿಂದ ಬಳಕೆಗೆ ಬಂದ ನೈಲಾನ್ ತಂತಿ ಬಂತು; ಈ ಒಂದು ವಿಷಯದಲ್ಲಿ ಕಾಲವೇ ಮಾಸ್ಟ್ರ ಪಕ್ಷ ವಹಿಸಿತ್ತು. ತುಕ್ಕು ಹಿಡಿದ ಉಕ್ಕಿನ ತಂತಿಗಳನ್ನು ತರುಣ ಒಂದು ಲಕೋಟೆಯಲ್ಲಿ ಹಾಕಿ ಅವರ ಕೈಗೆ ಕೊಟ್ಟ.

ಮುಂದೆ ಬರುವ ದುರಸ್ತಿಗಾರರಿಗಾಗಿ ಏನು ಮಾಡಿದೆನೆಂದು ಬರೆದ ಚೀಟಿಯೊಂದನ್ನು ಒಳಗೆ ಅಂಟಿಸುವುದು ಅವನ ಪದ್ಧತಿ. ಯಾವ ಅಂಟು, ಎಲ್ಲೆಲ್ಲಿ, ಯಾವ ತಿಂಗಳು. ನೈಲಾನ್ ಹೊರತು ಬೇರೆ ತಂತಿ ಹಾಕಬಾರದು. ಹಿಂದೊಮ್ಮೆ ಉಕ್ಕಿನ ತಂತಿ ಹಾಕಿದ್ದರಿಂದ ಹಾನಿಯಾಗಿತ್ತು. ಯಾರು ಹಾಕಿದರೆಂಬುದನ್ನು ಅವನು ಬಿಟ್ಟಿದ್ದ. ಮಾಸ್ಟ್ರು ಲೇಖನಿಯನ್ನು ಕೇಳಿ ತೆಗೆದುಕೊಂಡು ಆ ಸಾಲಿನ ಪಕ್ಕದಲ್ಲಿ ತಮ್ಮ ಹೆಸರನ್ನೂ ಮನೆಯ ಹೆಸರನ್ನೂ ಕನ್ನಡದಲ್ಲಿ ಬರೆದರು. ಜನವರಿಯ ಹಬ್ಬ ಮುಗಿದ ಮರುದಿನ ಆಕೆ ಬಂದು, ಚಾವಡಿಯಲ್ಲಿ ಕುಳಿತು ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿ, ಆ ಚೀಟಿಯಲ್ಲಿ ಏನಿದೆಯೆಂದು ಕೇಳಿದರು. ಮಾಸ್ಟ್ರು ಓದಿ ಹೇಳಿದರು.