ನದಿ ದಂಡೆಯಲ್ಲೊಂದು ಪಿಯಾನೊ

ಅಟ್ಲಾಂಟಾದಿಂದ ದಕ್ಷಿಣಕ್ಕೆ ಮೂರು ಗಂಟೆಯ ದಾರಿ. ಪೆಕಾನ್ ಮರಗಳ ತೋಪುಗಳನ್ನು ದಾಟಿ ನಾವು ಆಲ್ಬನಿ ಸೇರಿದಾಗ ಬಿಸಿಲು ಇಳಿದಿತ್ತು. ಅಮೆರಿಕದ ಜಾರ್ಜಿಯಾ ರಾಜ್ಯದ ಈ ಊರಿನ ಮಗ್ಗುಲಲ್ಲಿ ಫ್ಲಿಂಟ್ ನದಿ ಸದ್ದಿಲ್ಲದೆ ಹರಿಯುತ್ತದೆ. ದಂಡೆಯ ಮೇಲಿನ ಚೌಕದಲ್ಲಿ ಕಂಚಿನ ಮನುಷ್ಯನೊಬ್ಬ ಪಿಯಾನೊ ಮುಂದೆ ಕೂತಿದ್ದಾನೆ. ಕಣ್ಣಿಗೆ ಕಪ್ಪು ಕನ್ನಡಕ. ಸುತ್ತಲಿನ ಆಸನಗಳೂ ಪಿಯಾನೊ ಮನೆಗಳ ಆಕಾರದವೇ. ನಾವು ಹೋದಾಗ ಮಗುವೊಂದು ಬಿಳಿ ಮನೆಯಿಂದ ಕರಿ ಮನೆಗೆ, ಕರಿ ಮನೆಯಿಂದ ಬಿಳಿ ಮನೆಗೆ ಹಾರುತ್ತ ತನ್ನಷ್ಟಕ್ಕೆ ತಾನು ಆಡಿಕೊಂಡಿತ್ತು.

ಈ ಕಂಚಿನ ಮನುಷ್ಯ ರೇ ಚಾರ್ಲ್ಸ್. ಬ್ಲೂಸ್ ಸಂಗೀತದಲ್ಲಿ ಬೆಳೆದು, 'ಸೋಲ್' ಎಂಬ ಹೊಸ ಬಗೆಗೆ ಬುನಾದಿ ಹಾಕಿದವರಲ್ಲಿ ಮೊದಲಿಗರು. 2007ರಲ್ಲಿ ನಿಲ್ಲಿಸಿದ ಈ ಪ್ರತಿಮೆಯನ್ನು ಪೀಠದ ಮೇಲೆ ಮೆಲ್ಲಗೆ ತಿರುಗುವಂತೆ ರೂಪಿಸಿದ್ದಾರೆ. ರೇ ಹುಟ್ಟಿದ್ದು ಇದೇ ಊರಿನಲ್ಲಿ, 1930ರ ಸೆಪ್ಟೆಂಬರ್ 23ರಂದು. ಬೆಳೆದದ್ದು ಮಾತ್ರ ಗಡಿಯಾಚೆಯ ಫ್ಲಾರಿಡಾದಲ್ಲಿ. ಕೈಗೂಸಾಗಿದ್ದಾಗಲೇ ತಾಯಿ ಅಲ್ಲಿಗೆ ಎತ್ತಿಕೊಂಡು ಹೋದಳು. ಮರುದಿನ ನಾವೂ ಅದೇ ದಿಕ್ಕಿಗೆ ಹೊರಟೆವು.

ಗ್ರೀನ್‌ವಿಲ್‌ಗೆ ಹೆಚ್ಚುಕಡಿಮೆ ಎರಡು ಗಂಟೆ. ದಾರಿಯುದ್ದಕ್ಕೂ ಪೈನ್ ಮರಗಳು, ಜಟೆಯಂತೆ ಪಾಚಿ ಇಳಿಬಿಟ್ಟ ಓಕ್ ಮರಗಳು. ಸಾವಿರ ಜನರೂ ಇಲ್ಲದ ಈ ಪುಟ್ಟ ಊರಿನ ಪಾರ್ಕಿನಲ್ಲೂ ರೇ ಪ್ರತಿಮೆ ಇದೆ. ಅವರ ಬಾಲ್ಯದ ಮನೆಯನ್ನೂ ಸರಿಪಡಿಸಿ ಉಳಿಸಿಕೊಂಡಿದ್ದಾರೆ. ಅದರ ಮುಂದೆ ನಿಂತರೆ ಇಷ್ಟು ಚಿಕ್ಕ ಸೂರಿನ ಕೆಳಗೆ ಎಷ್ಟೆಲ್ಲ ಕಷ್ಟ ಹಿಡಿಸಿತು ಎನಿಸುತ್ತದೆ. ತಾಯಿ ಅರೀಥಾ ಊರವರ ಬಟ್ಟೆ ಒಗೆದು, ಇಸ್ತ್ರಿ ಹಾಕಿ ಸಂಸಾರ ನಡೆಸುತ್ತಿದ್ದಳು. ಒಂದು ದಿನ ಆ ಬಟ್ಟೆ ಒಗೆಯುವ ತೊಟ್ಟಿಗೇ ತಮ್ಮ ಜಾರ್ಜ್ ಬಿದ್ದ. ಐದರ ಹರೆಯದ ರೇ ಎಳೆದ. ಕೈಲಾಗಲಿಲ್ಲ. ತಾಯಿ ಓಡಿ ಬರುವಷ್ಟರಲ್ಲಿ ಮಗು ಇರಲಿಲ್ಲ. ಅದಾಗಿ ಹೆಚ್ಚು ದಿನವಾಗಿಲ್ಲ, ರೇ ಕಣ್ಣು ಮಂಜಾಗತೊಡಗಿತು. ಏಳನೆಯ ವಯಸ್ಸಿಗೆ ಪೂರಾ ಕತ್ತಲೆ.

ತಾಯಿ ಅತ್ತು ಕೂರಲಿಲ್ಲ. ಕಣ್ಣಿಲ್ಲದ ಮಗನಿಂದಲೇ ಸೌದೆ ಒಡೆಸಿದಳು, ನೆಲ ತಿಕ್ಕಿಸಿದಳು. ನೋಡಿದವರು ಕಲ್ಲೆದೆಯವಳು ಎಂದುಕೊಂಡಿರಬಹುದು. ತಾನು ಇಲ್ಲದ ದಿನಕ್ಕಾಗಿ ಅವಳು ಮಗನನ್ನು ಸಿದ್ಧಮಾಡುತ್ತಿದ್ದಳು. ಇದೇ ಊರಿನಲ್ಲಿ ವೈಲಿ ಪಿಟ್‌ಮನ್ ಎಂಬಾತನ 'ರೆಡ್ ವಿಂಗ್' ಕೆಫೆ ಇತ್ತು. ಅಲ್ಲೊಂದು ಪಿಯಾನೊ. ಎಡಗೈ ಒಂದೇ ಲಯವನ್ನು ಬಿಡದೆ ಉರುಳಿಸುವ 'ಬೂಗಿ-ವೂಗಿ' ಶೈಲಿಯಲ್ಲಿ ಪಿಟ್‌ಮನ್ ನುಡಿಸುತ್ತಿದ್ದ. ಓಡಿಬಂದು ನಿಲ್ಲುತ್ತಿದ್ದ ಪುಟ್ಟ ಹುಡುಗನನ್ನು ಆತ ಗದರಿಸಿ ಅಟ್ಟಲಿಲ್ಲ, ಪಕ್ಕಕ್ಕೆ ಕೂರಿಸಿಕೊಂಡು ಬೆರಳು ಇಡುವುದನ್ನು ತೋರಿಸಿದ. ಮೊದಲ ಪಾಠಶಾಲೆ ಅದೇ.

ಅಲ್ಲಿಂದ ಪೂರ್ವದ ಕಡಲ ತೀರಕ್ಕೆ ಹೋದರೆ ಸೇಂಟ್ ಆಗಸ್ಟೀನ್. 1565ರಲ್ಲಿ ಸ್ಪೇನಿನವರು ಕಟ್ಟಿದ ಹಳೆಯ ಪಟ್ಟಣ. ಪ್ರವಾಸಿಗರು ಕೋಟೆ ನೋಡಲು ಬರುತ್ತಾರೆ, ನಾವು ಬಂದದ್ದು ಕಿವುಡ ಮತ್ತು ಕುರುಡ ಮಕ್ಕಳ ಸರ್ಕಾರಿ ಶಾಲೆಗಾಗಿ. 1937ರಲ್ಲಿ ರೇ ಇಲ್ಲಿಗೆ ಸೇರಿದ. ಪಿಯಾನೊ ಸ್ವರಲಿಪಿಯನ್ನು ಬ್ರೈಲ್‌ನಲ್ಲಿ ಓದುವುದು ಸುಲಭವಲ್ಲ. ಒಂದು ಕೈ ಚುಕ್ಕೆಗಳನ್ನು ತಡವುತ್ತಿರುವಾಗ ನುಡಿಸಲು ಉಳಿಯುವುದು ಇನ್ನೊಂದೇ ಕೈ. ಎರಡನ್ನೂ ಕೂಡಿಸಬೇಕಾದರೆ ಬಾಯಿಪಾಠವೇ ಗತಿ. ಮುಂದೆ ಇಡೀ ವಾದ್ಯವೃಂದದ ಸಂಗೀತವನ್ನು ತಲೆಯಲ್ಲೇ ಕಟ್ಟಿ ಬರೆಸುವ ಶಕ್ತಿ ಬಂದದ್ದು ಈ ಅಭ್ಯಾಸದಿಂದಲೇ ಇರಬೇಕು. ಆದರೆ ಆ ಶಾಲೆಯಲ್ಲಿ ಬಿಳಿಯ ಮಕ್ಕಳು ಬೇರೆ, ಕರಿಯ ಮಕ್ಕಳು ಬೇರೆ. ಬಣ್ಣವನ್ನೇ ಕಾಣಲಾರದ ಮಕ್ಕಳ ನಡುವೆಯೂ ಬಣ್ಣದ ಗೋಡೆ!

1945ರಲ್ಲಿ ತಾಯಿ ತೀರಿಕೊಂಡಳು. ಹದಿನಾಲ್ಕರ ಹುಡುಗ ಶಾಲೆ ಬಿಟ್ಟು ಜಾಕ್ಸನ್‌ವಿಲ್, ಒರ್‍ಲಾಂಡೊ, ಟ್ಯಾಂಪಾಗಳಲ್ಲಿ ಸಿಕ್ಕಿದ ಕಡೆ ನುಡಿಸಿ ಹೊಟ್ಟೆ ಹೊರೆದ. 1948ರಲ್ಲಿ ಗೆಳೆಯನೊಬ್ಬನಿಗೆ ನಕಾಶೆ ನೋಡಿಸಿ, ಇಲ್ಲಿಂದ ಅತ್ಯಂತ ದೂರದ ದೊಡ್ಡ ಊರು ಯಾವುದೆಂದು ಕೇಳಿ ಸಿಯಾಟಲ್‌ಗೆ ಬಸ್ಸು ಹತ್ತಿದ. ರಾಬಿನ್‌ಸನ್ ಎಂಬ ಮನೆಹೆಸರನ್ನು ಬಿಟ್ಟು, ಅದೇ ಹೆಸರಿನ ಮುಷ್ಟಿಮಲ್ಲನ ನೆರಳಿನಿಂದ ತಪ್ಪಿಸಿಕೊಂಡು, ಬರಿಯ ರೇ ಚಾರ್ಲ್ಸ್ ಆದರು. 1954ರಲ್ಲಿ ಅಟ್ಲಾಂಟಾದ ಒಂದು ರೇಡಿಯೊ ಕೇಂದ್ರದಲ್ಲಿ 'ಐ ಗಾಟ್ ಎ ವುಮನ್' ಧ್ವನಿಮುದ್ರಿಸಿದರು. ಚರ್ಚಿನಲ್ಲಿ ದೇವರಿಗಾಗಿ ಎದೆ ಬಿಚ್ಚುವ ಧಾಟಿಯಲ್ಲಿ ಹೆಣ್ಣಿನ ಮೇಲಿನ ಪ್ರೀತಿಯನ್ನು ಹಾಡಿದ್ದು ಹಲವು ಭಕ್ತರಿಗೆ ಅಪಚಾರವಾಗಿ ಕಂಡಿತು. ಸೋಲ್ ಸಂಗೀತದ ದಾರಿ ತೆರೆದದ್ದು ಅಲ್ಲೇ. ಹೆರಾಯಿನ್ ಚಟ ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಬಂಧನದ ನಂತರ, 1965ರಲ್ಲಿ, ಅದನ್ನೂ ಬಿಟ್ಟರು.

1960ರಲ್ಲಿ ಅವರು ಹಾಡಿದ 'ಜಾರ್ಜಿಯಾ ಆನ್ ಮೈ ಮೈಂಡ್' ದೇಶದಲ್ಲೇ ಮೊದಲ ಸ್ಥಾನಕ್ಕೇರಿತು. ಹಾಡು ಹೊಸದಲ್ಲ, ಅವರು ಹುಟ್ಟಿದ 1930ರಲ್ಲೇ ರಚನೆಯಾದದ್ದು. ಮರುವರ್ಷದ ಮಾರ್ಚ್ 15ರಂದು ಜಾರ್ಜಿಯಾದ ಆಗಸ್ಟಾ ನಗರದ ಬೆಲ್ ಆಡಿಟೋರಿಯಂನಲ್ಲಿ ಅವರ ಕಾರ್ಯಕ್ರಮವಿತ್ತು. ಕುಣಿಯುವ ಅಂಗಳ ಬಿಳಿಯರಿಗೆ, ಕರಿಯರಿಗೆ ಬಾಲ್ಕನಿ ಮಾತ್ರ ಎಂಬುದನ್ನು ಪೇನ್ ಕಾಲೇಜಿನ ವಿದ್ಯಾರ್ಥಿಗಳು ತಿಳಿಸಿದರು. ರೇ ಹಾಡಲಿಲ್ಲ. ಕಾರಣ ಹೇಳಿ ಊರು ಬಿಟ್ಟರು.

2004ರ 'ರೇ' ಚಿತ್ರ ನೋಡಿದವರು, ಜಾರ್ಜಿಯಾ ರಾಜ್ಯ ಅವರನ್ನು ಜೀವಮಾನವಿಡೀ ನಿಷೇಧಿಸಿತ್ತು, 1979ರಲ್ಲಿ ಕ್ಷಮೆ ಕೇಳಿತು ಎಂದು ನಂಬಿರುತ್ತಾರೆ. ನಡೆದದ್ದು ಹಾಗಲ್ಲ. ಕಾರ್ಯಕ್ರಮದ ಗುತ್ತಿಗೆದಾರ ಕರಾರು ಮುರಿದರೆಂದು ದಾವೆ ಹೂಡಿದ. 1962ರಲ್ಲಿ ಅಟ್ಲಾಂಟಾದ ನ್ಯಾಯಾಲಯ 757 ಡಾಲರ್ ದಂಡ ವಿಧಿಸಿತು. ಅಷ್ಟೇ. 1963ರ ಅಕ್ಟೋಬರ್‌ನಲ್ಲಿ ಅದೇ ಬೆಲ್ ಆಡಿಟೋರಿಯಂನಲ್ಲಿ, ಬಣ್ಣದ ಭೇದವಿಲ್ಲದೆ ಕೂತ ಸಭೆಯ ಮುಂದೆ ರೇ ಹಾಡಿದರು. ಸಿನಿಮಾದ ಕಥೆಗಿಂತ ನಿಜವೇ ನನಗೆ ದೊಡ್ಡದಾಗಿ ಕಂಡಿತು. ಯಾವ ದೊರೆಯೂ ಅವರನ್ನು ಗಡೀಪಾರು ಮಾಡಲಿಲ್ಲ. ಕೆಲವು ವಿದ್ಯಾರ್ಥಿಗಳ ಮಾತಿಗೆ ಬೆಲೆ ಕೊಟ್ಟು, ನಷ್ಟ ತಮಗೇ ಎಂದು ಗೊತ್ತಿದ್ದೂ ಅವರು ತಾವಾಗಿಯೇ ಎದ್ದು ಹೋದರು.

ಪ್ರವಾಸ ಮುಗಿಸಿ ಅಟ್ಲಾಂಟಾಕ್ಕೆ ಮರಳಿದ ಮೇಲೆ ಆ ಹಳೆಯ ನ್ಯಾಯಾಲಯದ ಕಟ್ಟಡವನ್ನು ಹುಡುಕಿಕೊಂಡು ಹೋದೆವು. ಅಲ್ಲಿಂದ ಚಿನ್ನದ ಗುಮ್ಮಟದ ಶಾಸನಸಭೆಗೆ ನಡೆದೇ ಹೋಗಬಹುದು. 1979ರ ಮಾರ್ಚ್ 7ರಂದು ರೇ ಆ ಸಭೆಯ ಮುಂದೆ ಅದೇ ಹಾಡನ್ನು ಹಾಡಿದರು. ಏಪ್ರಿಲ್‌ನಲ್ಲಿ ಅದು ರಾಜ್ಯಗೀತೆಯಾಯಿತು. 2004ರ ಜೂನ್ 10ರಂದು ಅವರು ತೀರಿಕೊಂಡರು. ನಾವು ನಡೆದದ್ದು ಹತ್ತು ನಿಮಿಷ. ದಂಡದಿಂದ ಗೌರವಕ್ಕೆ ಬರಲು ಜಾರ್ಜಿಯಾಕ್ಕೆ ಹಿಡಿದದ್ದು ಹದಿನೇಳು ವರ್ಷ.